ಗೀತಾ ಓದಿದ ಗುಹೆಯ ಕಥೆ

ಹುಲ್ಲಿನಲ್ಲಿ ಹಣ್ಣಾಗುವ ಮಾವಿನ ವಾಸನೆ ಬಂದರೆ ನನಗೆ ಈಗಲೂ ಉಸಿರು ಕಟ್ಟುತ್ತದೆ.

ಏಳನೇ ತರಗತಿಯ ಬೇಸಿಗೆ ರಜೆಯಲ್ಲಿ ನಾನು ದೊಡ್ಡವಳಾದೆ. ಯಲ್ದೂರಿನ ನಮ್ಮ ಮನೆಯಲ್ಲಿ ಮಾವಿನಕಾಯಿ ಹಣ್ಣಿಗೆ ಹಾಕಿದ್ದ ಕೋಣೆಯಲ್ಲಿ ಅಜ್ಜಿ ನನ್ನನ್ನು ಕೂರಿಸಿದಳು. ಒಂದು ಚಾಪೆ, ಒಂದು ಲೋಟ, ಸರಳಿನ ಸಣ್ಣ ಕಿಟಕಿ. ಬೆವರಿಗೆ ಹುಲ್ಲಿನ ಚೂರು ಅಂಟಿ ಮೈಯೆಲ್ಲ ತುರಿಸುತ್ತಿತ್ತು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಗೀತಾ ಕಿಟಕಿಗೆ ಬಂದಳು. ನನಗಿಂತ ಒಂದು ವರ್ಷ ದೊಡ್ಡವಳು. "ಲೇ, ಇದನ್ನ ನೀನು ಓದ್ಲೇಬೇಕು ಕಣೇ. ನಮ್ ಕ್ಲಾಸಲ್ಲಿ ಎಲ್ರೂ ಓದಿದಾರೆ," ಎನ್ನುತ್ತಾ ದಪ್ಪ ಕಾದಂಬರಿಯೊಂದನ್ನು ಸರಳಿನೊಳಗೆ ತೂರಿಸಲು ನೋಡಿದಳು.

ನಾನು ಕೈ ಚಾಚುವಷ್ಟರಲ್ಲಿ ಬಾಗಿಲ ಬಳಿ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿ ಕೂಗಿದಳು. "ಮುಟ್ಟಬ್ಯಾಡ! ಪುಸ್ತಕ ಅಂದ್ರೆ ಸರಸ್ವತಿ ಕಣೇ."

ಗೀತಾ ಹೋಗಲಿಲ್ಲ. ಕಿಟಕಿಯಾಚೆ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದತೊಡಗಿದಳು. ಮಾಟಗಾರನೊಬ್ಬ ಹುಡುಗಿಯೊಬ್ಬಳನ್ನು ಬೆಟ್ಟದ ಗುಹೆಯಲ್ಲಿ ಕೂಡಿಹಾಕಿದ್ದ. ಅವಳು ಕತ್ತಲಲ್ಲಿ ಗೋಡೆ ತಡವುತ್ತಾ ದಾರಿ ಹುಡುಕುತ್ತಿದ್ದಳು. ನಾನು ಸರಳಿಗೆ ಕೆನ್ನೆ ಒತ್ತಿಕೊಂಡು ಕೇಳಿದೆ. ಅಜ್ಜಿಯ ಕೈಯೂ ಯಾವಾಗಲೋ ನಿಂತುಹೋಗಿತ್ತು.

ಅಷ್ಟರಲ್ಲಿ ಗೀತಾಳನ್ನು ಅವಳ ಅಮ್ಮ ಕರೆದರು. ಅವಳು ಪುಸ್ತಕ ಮಡಚಿಕೊಂಡು ಓಡಿದಳು.

"ಆ ಹುಡುಗಿ ಆಚೆ ಬಂದ್ಳೇನೇ?" ಅಜ್ಜಿ ಕೇಳಿದಳು.

"ಗೊತ್ತಿಲ್ಲಜ್ಜಿ."

"ಬರ್ತಾಳೆ ಬಿಡು, ಪಾಪ," ಎಂದು ನಿಟ್ಟುಸಿರುಬಿಟ್ಟಳು. ಆಮೇಲೆ ಎದ್ದು, ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು.