ಕೊನೆಯ ಗುಳಿ, ಎದುರಿಗೆ ಹೊಂಡ

“ಎಡಕ್ಕ ಹೊಡಿತೇನ್ರಿ ಅಯ್ಯಾರ. ಆ ಹೊಂಡದ ಉಸಾಬರಿ ನಮಗ್ಯಾಕ?” ಎನ್ನುತ್ತ ಶಿವಯೋಗೀಶ ಉದ್ದ ಕೋಲನ್ನು ಚೀಲಕ್ಕೆ ತುರುಕಿ ಗಿಡ್ಡ ಕೋಲನ್ನು ಹೊರತೆಗೆದ. ಮಹಾಂತಯ್ಯ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟರು. ಮೊಣಕಾಲು ನೋಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವರಿಗೆ ಬೇಸರ ಬಂದಿತ್ತು.

ಹುಬ್ಬಳ್ಳಿಯ ಈ ಗಾಲ್ಫ್ ಮೈದಾನದ ಕೊನೆಯ ಗುಳಿ ಹೊಂಡದ ಆಚೆ ದಡದಲ್ಲಿದೆ. ಎದೆಗಾರಿಕೆ ಇದ್ದವನು ಒಂದೇ ಏಟಿಗೆ ನೀರು ದಾಟಿಸಿ ಗುಳಿಯ ಹತ್ತಿರ ಚೆಂಡು ಬೀಳಿಸಬಹುದು. ತಪ್ಪಿದರೆ ಚೆಂಡೂ ಹೋಯಿತು, ಮೇಲೆ ಒಂದು ಏಟಿನ ದಂಡವೂ ಬಿತ್ತು. ಅಂಜುವವರಿಗೆ ಎಡಗಡೆ ಹುಲ್ಲಿನ ದಾರಿ ಇದೆ; ಸುತ್ತಿ ಬರಲು ಒಂದು ಏಟು ಹೆಚ್ಚು ಬೇಕು, ನೀರಿನ ಕಾಟವಿಲ್ಲ. ಹಳೇ ಹುಬ್ಬಳ್ಳಿಯಲ್ಲಿ ಕಟ್ಟಿಗೆ ಅಡ್ಡೆ ಇಟ್ಟಿರುವ ಮಕಬೂಲಸಾಬನ ಎದುರು ಆಡುವಾಗ ಇದೇ ಶಿವಯೋಗೀಶ ಹಿಂದುಮುಂದು ನೋಡದೆ ಹೊಂಡದ ಮೇಲಿಂದಲೇ ಹೊಡೆಯುತ್ತಾನೆ. ಮಹಾಂತಯ್ಯ ಅದನ್ನು ಕಣ್ಣಾರೆ ನೋಡಿದ್ದಾರೆ. ಅವರ ಎದುರು ಬಂದಾಗ ಮಾತ್ರ ಅವನಿಗೆ ಎಡಗಡೆ ನೆನಪಾಗುತ್ತದೆ.

ಕಾರಣ ಇಷ್ಟೇ: ಮಹಾಂತಯ್ಯ ಜಂಗಮರು. ಶಿವಯೋಗೀಶನದು ಕೇಶ್ವಾಪುರದ ಹತ್ತಿ ವ್ಯಾಪಾರಿಗಳ ಮನೆ. ಅಯ್ಯನವರನ್ನು ಸೋಲಿಸಿದರೆ ಮನೆತನಕ್ಕೆ ಒಳ್ಳೆಯದಲ್ಲ ಎಂದು ಅವನ ತಾಯಿ ಚನ್ನಬಸವ್ವ ಹೇಳಿಟ್ಟಿದ್ದಾಳೆ. ಮಹಾಂತಯ್ಯ ನೌಕರಿಯುದ್ದಕ್ಕೂ ರೈಲ್ವೆ ವರ್ಕಶಾಪಿನಲ್ಲಿ ಗ್ರೀಸು ಮೆತ್ತಿಕೊಂಡು ಇಂಜಿನ್ ರಿಪೇರಿ ಮಾಡಿಸಿದವರು. ಆದರೇನು, ಹುಟ್ಟು ಬೆನ್ನು ಬಿಡಬೇಕಲ್ಲ. ಬ್ಯಾಂಕಿಗೆ ಹೋದರೆ ಜನ ಪಾಳಿ ಬಿಟ್ಟು ಮುಂದೆ ಕಳಿಸುತ್ತಾರೆ. ಇಸ್ಪೀಟಿಗೆ ಕೂತರೆ ಗೆಲ್ಲುವ ಎಲೆಗಳನ್ನೇ ಮಡಚಿಡುತ್ತಾರೆ. ಇಲ್ಲಿಯಂತೂ ಚೆಂಡು ಗುಳಿಯಿಂದ ಒಂದು ಮಾರು ದೂರ ನಿಂತರೂ “ಬಿಡ್ರಿ ಅಯ್ಯಾರ, ಬಿದ್ದಂಗ” ಎಂದು ಎತ್ತಿ ಕೈಗೆ ಕೊಡುತ್ತಾರೆ. ಇವತ್ತು ಇಬ್ಬರೂ ಕೊನೆಯ ಗುಳಿಗೆ ಸಮಸಮ ಬಂದಿದ್ದೂ ಹಾಗೆಯೇ. ಗೆದ್ದು ಗೆದ್ದು ಮಹಾಂತಯ್ಯನವರಿಗೆ ಸಾಕುಸಾಕಾಗಿ ಹೋಗಿತ್ತು.

“ಶಿವಯೋಗಿ, ನಾಳಿ ನನ್ನ ಮಣಕಾಲಿನ ಆಪರೇಶನ್ ಐತಿ. ಮತ್ತ ಈ ಕೋಲ ಹಿಡಿತೇನೋ ಇಲ್ಲೋ. ಇವತ್ತ ಒಂದ ದಿನ ನನ್ನ ಕೂಡ ಖರೇ ಆಟ ಆಡು.”

“ಖರೇನ ಆಡಾಕತ್ತೇನಲ್ರಿ.”

“ಮಕಬೂಲಸಾಬನ ಕೂಡ ಆಡ್ತಿಯಲ್ಲ, ಆ ಆಟ ಕೇಳಾಕತ್ತೇನಿ ನಾ. ಸೋಲೂ ಹಂಗಿದ್ರ ಸೋಲ್ತೇನಿ. ಅಷ್ಟೂ ಯೋಗ್ಯತಾ ಇಲ್ಲೇನು ನನಗ?”

ಶಿವಯೋಗೀಶ ಟೋಪಿ ತೆಗೆದು ತಲೆ ಕೆರೆದುಕೊಂಡ. “ಅವ್ವಗ ಗೊತ್ತಾದ್ರ ಮನ್ಯಾಗ ನನಗ ನೀರೂ ಕೊಡೂದಿಲ್ರಿ.”

“ಅಕಿಗೆ ಯಾರ ಹೇಳಾಕ ಹೊಂಟಾರ? ಸರಿ ಅತ್ಲಾಗ, ಮೊದ್ಲ ನಾ ಹೊಡಿತೇನಿ.”

ಮಹಾಂತಯ್ಯ ಎದ್ದು ಉದ್ದ ಕೋಲನ್ನೇ ಹಿಡಿದರು. ಚೆಂಡು ಎತ್ತರಕ್ಕೇನೋ ಹೋಯಿತು. ಆಚೆ ದಡ ಇನ್ನೂ ದೂರವಿರುವಾಗಲೇ ಇಳಿದು ಹೊಂಡದಲ್ಲಿ ಬಿತ್ತು. ಶಿವಯೋಗೀಶ ಕೂಡಲೇ ಕಿಸೆಗೆ ಕೈ ಹಾಕಿ ಇನ್ನೊಂದು ಚೆಂಡು ತೆಗೆದ. “ಗಾಳಿ ಅಡ್ಡ ಬಂತ್ರಿ. ಅದನ್ನ ಎಣಸೂದ ಬ್ಯಾಡ, ಇನ್ನೊಮ್ಮೆ ಹೊಡೀರಿ.”

“ಗಾಳಿ ಎಲ್ಲಿ ಐತೋ ತಮ್ಮಾ? ಒಂದ ಎಲಿ ಅಳಗ್ಯಾಡವಲ್ದು. ದಂಡ ಎಣಸು.”

ಅವನು ಚೆಂಡನ್ನು ಕಿಸೆಗೆ ಹಾಕಿಕೊಂಡ. ಗಿಡ್ಡ ಕೋಲನ್ನು ಚೀಲಕ್ಕೆ ಸೇರಿಸಿ ಉದ್ದ ಕೋಲನ್ನು ಎಳೆದು ನಿಂತ. ತುಸು ಹೊತ್ತು ನೀರನ್ನೇ ನೋಡಿದ. ಆಮೇಲೆ ಸೊಂಟ ತಿರುಗಿಸಿ ಹೊಡೆದ ಹೊಡೆತಕ್ಕೆ ಚೆಂಡು ಹೊಂಡ ದಾಟಿ, ಆಚೆ ದಡದ ಹುಲ್ಲಿನ ಮೇಲೆ ಕುಪ್ಪಳಿಸಿ, ಉರುಳುತ್ತ ಹೋಗಿ ಗುಳಿಯ ಬಗಲಿಗೇ ನಿಂತಿತು. “ಹೋತ ನೋಡು,” ಎಂದು ಶಿವಯೋಗೀಶ ಹಲ್ಲು ಕಚ್ಚಿ ಮುಷ್ಟಿ ಬಿಗಿದ. ಪಕ್ಕದಲ್ಲಿ ಯಾರಿದ್ದಾರೆಂಬುದು ಅವನಿಗೆ ಮರೆತೇ ಹೋಗಿತ್ತು. ಆ ಮರೆವು ಕಂಡು ಮಹಾಂತಯ್ಯನವರಿಗೆ ಎದೆ ತುಂಬಿ ಬಂತು. ಎಷ್ಟೋ ವರ್ಷಗಳ ಮೇಲೆ ಒಬ್ಬ ಮನುಷ್ಯ ತಮ್ಮನ್ನು ಸೋಲಿಸಲು ನೋಡಿದ್ದ.

ಅವರು ಇನ್ನೊಂದು ಚೆಂಡು ಇಟ್ಟು, ಎಡಗಡೆಯಿಂದ ಕುಂಟುತ್ತ ಸುತ್ತಿ ಬಂದು ಗುಳಿ ಮುಟ್ಟುವ ಹೊತ್ತಿಗೆ ಲೆಕ್ಕ ಹಾಕುವ ಅಗತ್ಯವೂ ಉಳಿದಿರಲಿಲ್ಲ. ಶಿವಯೋಗೀಶ ಮೆಲ್ಲಗೆ ತಟ್ಟಿದ ಚೆಂಡು ಗುಳಿಗೆ ಬಿತ್ತು.

“ಸೋತೆ,” ಎಂದರು ಮಹಾಂತಯ್ಯ. ಆ ಮಾತು ಬಾಯಿಗೆ ರುಚಿಯಾಗಿತ್ತು. “ಛಲೋ ಹೊಡದಿ,” ಎಂದು ನಗುತ್ತ ಕೈ ಕುಲುಕಲು ಬಲಗೈ ಚಾಚಿದರು.

ಶಿವಯೋಗೀಶ ಆ ಕೈಯನ್ನು ನೋಡಿದ. ಅವನ ಮುಖ ಬಾಡಿತು. ಟೋಪಿ ತೆಗೆದಿಟ್ಟು, ಬೂಟು ಕಳಚಿ, ಹುಲ್ಲಿನ ಮೇಲೆ ಮಂಡಿಯೂರಿ ಅವರ ಪಾದಕ್ಕೆ ಹಣೆ ಹಚ್ಚಿದ. “ತಪ್ಪಾತ್ರಿ ಅಯ್ಯಾರ. ಹೊಟ್ಟ್ಯಾಗ ಹಾಕ್ಕೋರಿ.”

ಏಳು ಎಂದರೆ ಅವನು ಏಳಲಿಲ್ಲ. ಚಾಚಿದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಬೇರೆ ದಾರಿ ಕಾಣದೆ, ಕೆಳಗಿಳಿದು ಗೆದ್ದವನ ತಲೆಯ ಮೇಲೆ ಕುಳಿತು ಆಶೀರ್ವಾದ ಮಾಡಿತು.