ಕೊತ್ತಂಬರಿಗೆ ಹೋಗುವ ದಾರಿ

ಹಸಿ ಕೊತ್ತಂಬರಿಯ ವಾಸನೆ ಬಂದರೆ ನನಗೆ ಈಗಲೂ ಹಲಸೂರು ಕೆರೆಯ ರಸ್ತೆ ನೆನಪಾಗುತ್ತದೆ.

ಅಜ್ಜಿಯ ಒಂದು ಕಾಲನ್ನೇ ತೆಗೆಸಿದ್ದ ಸಕ್ಕರೆ ಕಾಯಿಲೆ ಅಮ್ಮನಿಗೂ ಬಂದಿತ್ತು. ದಿನಾ ಬಿರುಸಾಗಿ ನಡೆಯಬೇಕು ಎಂದಿದ್ದರು ಡಾಕ್ಟರು. ನಮ್ಮ ವಠಾರದಲ್ಲಿ ಸುಮ್ಮನೆ ನಡೆಯಲು ಹೋಗುವ ಹೆಂಗಸರೇ ಇರಲಿಲ್ಲ.

"ಕೆಲ್ಸ ಇಲ್ದೆ ಬೀದಿ ಸುತ್ತಾಳೆ ಅಂತಾರೆ ಕಣೇ," ಎನ್ನುತ್ತಿದ್ದ ಅಮ್ಮ ಸಂಜೆಯಾದರೆ ವೈರ್ ಬುಟ್ಟಿ ಹಿಡಿದು ಹೊರಡುತ್ತಿದ್ದಳು. ಯಾರು ಕೇಳಿದರೂ, "ಕೊತ್ತಂಬರಿ ತರೋಕೆ." ಹೇಳಿದ ಮೇಲೆ ತರಲೇಬೇಕಲ್ಲ. ಸಾರು, ಪಲ್ಯ, ಉಪ್ಪಿಟ್ಟು, ಮಜ್ಜಿಗೆ, ಎಲ್ಲದರಲ್ಲೂ ಕೊತ್ತಂಬರಿ.

"ನಾನೇನ್ ಮನುಷ್ಯನಾ, ಮೇಕೆನಾ?" ಎಂದು ಅಪ್ಪ ತಟ್ಟೆ ನೋಡಿ ಕೇಳುತ್ತಿದ್ದರು.

ಒಂದು ಸಂಜೆ ನಾನೂ ಅಮ್ಮನ ಜೊತೆ ಹೋಗಿದ್ದೆ. ಕೆರೆಯ ತಿರುವಿನಲ್ಲಿ ನಮ್ಮ ವಠಾರದ ಮಹಡಿ ಮನೆಯ ಸೆಲ್ವಿ ಆಂಟಿ ಎದುರಾದರು. ಮುಖವೆಲ್ಲ ಬೆವರು, ಏದುಸಿರು, ಕೈಯಲ್ಲಿ ಖಾಲಿ ಚೀಲ.

"ಏನ್ ಸೆಲ್ವಿ, ಇಷ್ಟು ದೂರ?" ಎಂದಳು ಅಮ್ಮ.

"ಪುದೀನ ತರೋಕೆ ಅಕ್ಕ. ನೀವು?"

"ಕೊತ್ತಂಬರಿ."

ಎರಡನ್ನೂ ಮಾರುವ ಮುದುಕಿ ಕೂರುತ್ತಿದ್ದದ್ದು ನಮ್ಮ ಬೀದಿಯ ತುದಿಯಲ್ಲೇ. ಅದನ್ನು ಹೇಳಲು ನಾನು ಬಾಯಿ ತೆರೆದೆ. ಅಮ್ಮ ನನ್ನ ಕೈ ಅದುಮಿದಳು. ಆಂಟಿಯ ಚೀಲವನ್ನೂ ತನ್ನ ಬುಟ್ಟಿಯನ್ನೂ ಒಮ್ಮೆ ನೋಡಿದಳು.

"ಬಾ ಸೆಲ್ವಿ, ಕೆರೆ ಆ ಕಡೆ ಇನ್ನೂ ಫ್ರೆಶ್ ಆಗಿರೋದು ಸಿಗುತ್ತೆ."

ಆ ಕಡೆ ಕೆರೆಯ ಕಂಬಿಬೇಲಿ ಬಿಟ್ಟರೆ ಒಂದೂ ಅಂಗಡಿ ಇರಲಿಲ್ಲ. ಖಾಲಿ ಬುಟ್ಟಿ, ಖಾಲಿ ಚೀಲ ಬೀಸಿಕೊಂಡು ಇಬ್ಬರೂ ಬಿರಬಿರನೆ ನಡೆದರು.