ಶನಿವಾರದ ಸಿನಿಮಾ

ಸನ್ಮತಿ ಹೃದಯಾಘಾತದಿಂದ ತೀರಿಕೊಂಡು ಇಪ್ಪತ್ತು ದಿನವಾದ ಮೇಲೆ ಸುಕೇಶ ಅವನ ಇ-ರೀಡರ್ ಹಿಂದಿರುಗಿಸಲು ಮೊದಲ ಬಾರಿಗೆ ಅವನ ಮನೆಗೆ ಹೋದ. ಬಾಗಿಲು ತೆರೆದ ಸನ್ಮತಿಯ ತಾಯಿಗೆ, "ನಾನು ಅವನ ಫ್ರೆಂಡು, ಅಮ್ಮ" ಎಂದಷ್ಟೇ ಹೇಳಿದ.

ಅವರು ಕಾಫಿ ಕೊಟ್ಟು, ಇ-ರೀಡರನ್ನು ಮಡಿಲಲ್ಲಿಟ್ಟುಕೊಂಡು ಎದುರಿಗೆ ಕೂತರು.

"ಇದ್ರಲ್ಲಿ ಏನು ಓದ್ತಿದ್ದ?"

"ಪತ್ತೇದಾರಿ ಕಾದಂಬರಿ. ನನಗೆ ಕಾಗದದ ಪುಸ್ತಕಾನೇ ಬೇಕು, ಅವನಿಗೆ ಧೂಳಿಗೆ ಸೀನು ಬರೋದು. ಕೊನೇ ಪುಟ ಮೊದ್ಲು ಓದಿ, ಕೊಲೆಗಾರ ಯಾರು ಅಂತ ನನಗೂ ಹೇಳಿಬಿಡೋನು."

ತಾಯಿ ಸ್ವಲ್ಪ ನಕ್ಕರು. "ಮತ್ತೆ?"

"ಶನಿವಾರ ಹಳೇ ಫ್ರೆಂಚ್, ಇಟಾಲಿಯನ್ ಸಿನಿಮಾ ನೋಡ್ತಿದ್ವಿ. ನನಗೆ ಆ ನಿಧಾನ ಇಷ್ಟ. ಅವನು ಅರ್ಧಕ್ಕೇ ನನ್ನ ಹೆಗಲ ಮೇಲೆ..." ಸುಕೇಶ ತಡೆದುಕೊಂಡ. "ಅರ್ಧಕ್ಕೇ ನಿದ್ದೆ ಹೋಗ್ತಿದ್ದ."

"ಎಷ್ಟು ವರ್ಷದಿಂದ?"

"ಒಂಬತ್ತು."

ಅದಕ್ಕಿಂತ ಹೆಚ್ಚು ಹೇಳುವ ಹಕ್ಕು ತನಗಿಲ್ಲವೆಂದುಕೊಂಡು ಅವನು ಎದ್ದ. ಮನೆಯಲ್ಲಿ ನಮ್ಮ ವಿಷಯ ಹೇಳಲು ನಿನಗೆ ಧೈರ್ಯವಿಲ್ಲ, ನೀನು ಹೇಡಿ ಎಂದು ಸನ್ಮತಿಯನ್ನು ಜರೆದದ್ದು, ಅವನು ತಲೆ ತಗ್ಗಿಸಿ ಸುಮ್ಮನೆ ಕೇಳಿಸಿಕೊಂಡದ್ದು ನೆನಪಾಯಿತು.

ತಾಯಿ ಅವನ ಕೈ ಹಿಡಿದುಕೊಂಡರು.

"ಕೂತ್ಕೋಪ್ಪ. ನಿನ್ನನ್ನ ಕರ್ಕೊಂಡು ಬರ್ತೀನಿ ಅಂತ ನನ್ನ ಕಾಲು ಹಿಡಿದು ಮೂರು ಸಲ ಕೇಳ್ದ. ಬಂದ್ರೆ ವಿಷ ಕುಡೀತೀನಿ ಅಂದವಳು ನಾನೇ."